ಭಾವನ ಮೊಣಕಾಲು

ವೆಂಡೆಲ್ ಟಿಬ್ಸ್ ಹನ್ನೆರಡು ವರ್ಷದ ಆಟದಲ್ಲಿ ಒಂಬತ್ತು ಜನರ ಪಕ್ಕೆಲುಬು ಮುರಿದಿದ್ದ, ನಾಲ್ವರ ದವಡೆ ಒಡೆದಿದ್ದ. ಅದನ್ನೆಲ್ಲ ನೆನಪಿಟ್ಟುಕೊಂಡಿದ್ದವನು ಅವನಲ್ಲ, ಊರಿನವರು.

ಓಹಾಯೋ ನದಿಯ ದಂಡೆಯ ಟಿಲ್ಟನ್‌ನಲ್ಲಿ ಉಕ್ಕಿನ ಕಾರ್ಖಾನೆ ಬಿಟ್ಟರೆ ಹೇಳಿಕೊಳ್ಳುವಂಥದ್ದು ಇದ್ದದ್ದು ಫುಟ್ಬಾಲ್ ತಂಡ ಒಂದೇ; ಕಾಲಿನದಲ್ಲ, ಚೆಂಡನ್ನು ಕೈಯಲ್ಲಿ ಎಸೆದು ಹಿಡಿಯುವ ಅಮೆರಿಕದ ಫುಟ್ಬಾಲ್. ಆರು ಊರಿನ ಆರು ತಂಡಗಳ ಪುಟ್ಟ ಲೀಗು ಅದು. ದೊಡ್ಡ ಲೀಗಿನವರು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ವಾರವಿಡೀ ಕುಲುಮೆಯ ಮುಂದೆ ಬೆಂದವರು ಶನಿವಾರ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ವೆಂಡೆಲ್ ಎಲ್ಲರಿಗಿಂತ ಹಿಂದೆ ನಿಲ್ಲುವವನು. ಎದುರಿನವರು ಚೆಂಡು ಎಸೆಯುತ್ತಾರೆ, ಅಂಚಿನಿಂದ ಓಡಿಬಂದ ರಿಸೀವರ್ ಅದನ್ನು ಹಿಡಿಯಲು ಎರಡೂ ಕೈ ಮೇಲೆತ್ತುತ್ತಾನೆ. ಆ ಒಂದು ಗಳಿಗೆಯಲ್ಲಿ ಅವನ ಹೊಟ್ಟೆ, ಪಕ್ಕೆ, ಗಂಟಲು ಎಲ್ಲ ಬಟಾಬಯಲು. ಸರಿಯಾಗಿ ಆ ಗಳಿಗೆಗೆ ವೆಂಡೆಲ್‌ನ ಭುಜ ಅಲ್ಲಿಗೆ ಬಂದಿರುತ್ತಿತ್ತು.

ಹೊಡೆತ ಅವನಿಗೆ ಹೊಸದಲ್ಲ. ಅಲಬಾಮಾದಿಂದ ಕೆಲಸ ಹುಡುಕಿಕೊಂಡು ಬಂದ ಅವನ ಅಪ್ಪ ಮಾತಾಡುವುದಕ್ಕಿಂತ ಹೆಚ್ಚಾಗಿ ಬೆಲ್ಟು ಬಿಚ್ಚುತ್ತಿದ್ದ. ವೆಂಡೆಲ್‌ಗೆ ಹದಿನೈದಾದಾಗ ಕಲ್ಲಿದ್ದಲು ಬೇಯಿಸುವ ಒಲೆಯೊಂದರ ಕಬ್ಬಿಣದ ಬಾಗಿಲು ಕಳಚಿ ಅಪ್ಪನ ಮೇಲೆ ಬಿತ್ತು. ಮನೆಗೆ ಬಂದದ್ದು ಮುಚ್ಚಿದ ಪೆಟ್ಟಿಗೆ. ಅಲ್ಲಿಂದಾಚೆ ಅವನನ್ನು ಸಾಕಿದ್ದು ಆರು ವರ್ಷಕ್ಕೆ ದೊಡ್ಡವಳಾದ ಅಕ್ಕ ಒಡೆಸ್ಸಾ, ಮತ್ತು ಅವಳನ್ನು ಮದುವೆಯಾದ ಲಾನಿ ಪ್ರೂಯಿಟ್. ಲಾನಿಯೂ ಅದೇ ಒಲೆಗಳ ಸಾಲಿನಲ್ಲಿ ಕೆಲಸ ಮಾಡುವವನು, ತಂಡದ ರಿಸೀವರ್. ಮೈದುನನನ್ನು ಮೈದಾನಕ್ಕೆ ಕರೆದುಕೊಂಡು ಹೋದವನೂ ಅವನೇ.

"ಎದೆಗೆ ಹೊಡಿ, ಪಕ್ಕೆಗೆ ಹೊಡಿ, ಬೇಕಾದ್ರೆ ಮೂತಿ ಒಡೆದು ಹಾಕು," ಅಂತ ಮೊದಲ ದಿನವೇ ಹೇಳಿದ್ದ. "ಕಾಲಿಗೆ ಮಾತ್ರ ಬೀಳ್ಬೇಡ. ಪಕ್ಕೆಲುಬು ಕೂಡ್ಕೊಳ್ಳತ್ತೆ. ಕಾಲು ಹೋದೋನು ನಾಳೆ ಒಲೆ ಮುಂದೆ ಹೇಗೆ ನಿಲ್ತಾನೆ? ಕಾಲಿಗೆ ಬೀಳೋನು ಗಂಡಸಲ್ಲ, ನಾಯಿ."

ವೆಂಡೆಲ್ ಆ ಮಾತು ಮೀರಿರಲಿಲ್ಲ. ಅವನ ಕೈಯಲ್ಲಿ ಮುರಿದವರೆಲ್ಲ ಸೊಂಟದಿಂದ ಮೇಲೆ ಮುರಿದವರು. ಅವರಲ್ಲಿ ಇಬ್ಬರು ಆಮೇಲೆ ಅವನಿಗೆ ಬಿಯರ್ ಕುಡಿಸಿದ್ದೂ ಉಂಟು.

ಎಪ್ಪತ್ತಮೂರರ ವಸಂತದಲ್ಲಿ ಊರು ಎರಡು ಪಾಲಾಯಿತು. ಲೀಗಿನ ತಂಡಗಳು ಕಾಲೇಜು ಮುಗಿಸಿದ ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುವ ಡ್ರಾಫ್ಟ್ ಏಪ್ರಿಲ್‌ನ ಒಂದು ಸೋಮವಾರ ನಡೆಯುತ್ತಿತ್ತು. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ಬಿದ್ದಿದ್ದರಿಂದ ಈ ಸಲ ಮೊದಲ ಸರದಿ ಟಿಲ್ಟನ್‌ನದು. ಕೈಗೆಟಕುವಂತಿದ್ದವನು ಡೇನ್ ಕೊವಾಲಿಕ್. ನದಿಯಾಚೆಯ ಕ್ರೇನ್ ಚಾಲಕನ ಮಗ, ಇಪ್ಪತ್ತೆರಡು ವರ್ಷ, ಆರಡಿ ಮೂರಂಗುಲ, ಬಿಟ್ಟ ಬಾಣದಂತೆ ಓಡುವವನು. ತಂಡದಲ್ಲಿ ರಿಸೀವರ್‌ಗೆ ಉಳಿದಿದ್ದದ್ದು ಒಂದೇ ಜಾಗ. ಅಲ್ಲಿ ಹದಿನಾಲ್ಕು ವರ್ಷದಿಂದ ಲಾನಿ ಇದ್ದ. ಅವನಿಗೆ ಮೂವತ್ತೇಳು.

ಪರ್ಲಿಯ ಕ್ಷೌರದಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ.

"ಆ ಹುಡುಗ ಓಡೋದು ನೋಡಿದೀಯೇನೋ?" ಅಂದ ಲಾರಿ ಓಡಿಸುವವನೊಬ್ಬ. "ನಿಮ್ಮ ಲಾನಿ ಆ ತುದಿ ಮುಟ್ಟೋ ಹೊತ್ತಿಗೆ ನಂಗೆ ಇನ್ನೊಂದ್ಸಲ ಗಡ್ಡ ಬೆಳೆದಿರತ್ತೆ."

"ಓಡೋದೇ ಬೇಕು ಅಂದ್ರೆ ಕುದುರೆ ತಂದು ಕಟ್ಕೋ," ಅಂದ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಕುಲುಮೆಯವ. "ನಡುಮಧ್ಯೆ ನುಗ್ಗಿ ಚೆಂಡು ಹಿಡಿಯೋಕೆ ಲಾನಿ ಬೇಕು. ಕೈಗೆ ಬಂದಿದ್ದನ್ನ ಅವನು ಬಿಟ್ಟಿದ್ದು ತೋರ್ಸು ನೋಡೋಣ."

"ಹೋದ ವರ್ಷ ಎಷ್ಟು ಪಂದ್ಯ ಗೆದ್ರಿ ಅವನನ್ನ ಇಟ್ಕೊಂಡು? ಮುದುಕನ ಕೈ ನೆಕ್ಕೊಂಡಿರಿ."

"ಕಾಲೇಜಲ್ಲಿ ಹಿಡಿದಿದ್ದೆಲ್ಲ ಒಂದು ಹಿಡಿಯೋದಾ? ಅಲ್ಲಿ ಹೊಡೆಯೋರೂ ಹಾಲುಗಲ್ಲದ ಮಕ್ಕಳೇ! ಟಿಬ್ಸ್ ಒಂದು ಬಿಡ್ಲಿ, ಆ ಹುಡುಗ ಅಮ್ಮನ ಸೆರಗು ಹುಡುಕ್ತಾನೆ."

ಲಾರಿಯವನು ಅವನ ಅಮ್ಮನ ಬಗ್ಗೆ ಏನೋ ಅಂದ. ಕುಲುಮೆಯವನು ನೊರೆ ಮುಖದಲ್ಲೇ ಎದ್ದು ಬಂದು ಅವನ ಮೂಗಿಗೆ ಗುದ್ದಿದ. ಲಾರಿಯವ ಹಿಂದಕ್ಕೆ ಬಿದ್ದ ರಭಸಕ್ಕೆ ಗೋಡೆಯ ಕನ್ನಡಿ ಒಡೆದು ಅವನ ಬೆನ್ನಿಗೆ ಇಳಿಯಿತು. ಇಬ್ಬರೂ ಗಾಜಿನ ಮೇಲೆ ಹೊರಳಾಡಿ ಒಬ್ಬರ ಕಿವಿ ಒಬ್ಬರು ಕಚ್ಚುವಷ್ಟಕ್ಕೆ ಹೋದರು. ಪರ್ಲಿ ಬಿಸಿನೀರಿನ ಪಾತ್ರೆಯನ್ನು ಇಬ್ಬರ ಮೇಲೂ ಸುರಿದ ಮೇಲೆಯೇ ಬಿಟ್ಟದ್ದು. ಮೂಲೆಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ವೆಂಡೆಲ್ ಟೋಪಿ ಹಾಕಿಕೊಂಡು ಹೊರಗೆ ನಡೆದ.

ಅದೇ ವಾರ ಕೋಚ್ ಸ್ಟ್ರೂಬ್ ಅವನನ್ನು ಕರೆಸಿಕೊಂಡ. ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ದಪ್ಪ ಆಸಾಮಿ, ಬಾಯಲ್ಲಿ ಯಾವಾಗಲೂ ಹೊಗೆಸೊಪ್ಪು.

"ಶನಿವಾರ ಇಬ್ಬರನ್ನೂ ಕರೆಸ್ತಿದೀನಿ. ತಲಾ ಮೂರು ಚೆಂಡು, ಮೂರೂ ನಡುಮಧ್ಯಕ್ಕೆ. ನೀನು ಹೊಡೀತೀಯ, ಪಂದ್ಯದಲ್ಲಿ ಹೊಡೆಯೋ ಹಾಗೇ. ಯಾರೂ ಇಲ್ಲದ ಕಡೆ ನನ್ನ ಅಜ್ಜಿನೂ ಚೆಂಡು ಹಿಡೀತಾಳೆ. ಹೊಡೆಸ್ಕೊಂಡ ಮೇಲೆ ಎರಡನೇದು ಯಾರು ಹಿಡೀತಾರೆ, ಅದು ಬೇಕು ನಂಗೆ."

"ಲಾನಿ ನಮ್ಮಕ್ಕನ ಗಂಡ, ಕೋಚ್."

"ಅದಕ್ಕೇ ನಿನಗೆ ಹೇಳ್ತಿರೋದು. ನೀನು ಮೆಲ್ಲಗೆ ಹೊಡೆದ್ರೆ ಮೊದಲು ನಿನ್ನ ಮುಖಕ್ಕೆ ಉಗಿಯೋನೇ ಅವನು. ಹೌದೋ ಅಲ್ವೋ?"

ಹೌದಾಗಿತ್ತು. ಮರುದಿನ ವೆಂಡೆಲ್ ಕೂಡ ಕೆಲಸ ಮಾಡುತ್ತಿದ್ದ ಒಲೆಗಳ ಸಾಲಿನ ಮಾಳಿಗೆಯ ಮೇಲೆ, ಅಂಗಾಲು ಸುಡದಂತೆ ಹಾಕುವ ಮರದ ಅಟ್ಟೆಯ ಬೂಟಿನಲ್ಲಿ ಟಕಟಕ ನಡೆದು ಬಂದ ಲಾನಿ ಅವನ ತೋಳು ಹಿಡಿದ. "ಕೇಳಿದೆ. ಕೈ ತಡೆದ್ರೆ ನೋಡು. ಆ ಹುಡುಗನ ಎದುರು ನಂಗೆ ಕನಿಕರ ತೋರ್ಸಿದ ದಿನ ನೀನು ನನ್ನ ಪಾಲಿಗೆ ಸತ್ತ ಹಾಗೆ."

ಶನಿವಾರ ಬೆಳಿಗ್ಗೆ ರೈಲುಹಳಿಗೂ ನದಿಗೂ ನಡುವಿನ ಮೈದಾನ ಅರೆಬರೆ ಹೆಪ್ಪುಗಟ್ಟಿತ್ತು. ಕೆಸರು, ಬೂದಿ, ಕುಲುಮೆಯಿಂದ ತಂದು ಸುರಿದ ಚೂಪು ಕಿಟ್ಟ. ತಂಡದವರೆಲ್ಲ ಕೈ ಬಗಲಲ್ಲಿಟ್ಟುಕೊಂಡು ಗೆರೆಯ ಮೇಲೆ ನಿಂತಿದ್ದರು.

ಮೊದಲು ಹುಡುಗ. ಚೆಂಡು ಎಸೆದದ್ದೇ ಕೊವಾಲಿಕ್ ಹಾರಿದ. ಅಷ್ಟು ಎತ್ತರಕ್ಕೆ ಹಾರಿದವನನ್ನು ವೆಂಡೆಲ್ ನೋಡಿರಲಿಲ್ಲ. ಹುಡುಗ ಗಾಳಿಯಲ್ಲಿರುವಾಗಲೇ ವೆಂಡೆಲ್‌ನ ಭುಜ ಪಕ್ಕೆಯ ಕೆಳಗೆ ನಾಟಿತು. ಒದ್ದೆ ಗೋಣಿಚೀಲ ಲಾರಿಯಿಂದ ಎಸೆದಂತೆ ಸದ್ದು. ಹುಡುಗ ಮಂಡಿಯೂರಿ ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿದ. ಆದರೆ ಚೆಂಡು ಕಂಕುಳಲ್ಲೇ ಇತ್ತು. ಬಾಯಿ ಒರೆಸಿಕೊಂಡು ನಕ್ಕ. "ಇಷ್ಟೇನಾ, ಅಂಕಲ್?"

ಎರಡನೆಯದಕ್ಕೆ ವೆಂಡೆಲ್ ಹೆಲ್ಮೆಟ್ಟಿನ ಹಣೆಯನ್ನೇ ಅವನ ಮುಖಕ್ಕೆ ಕೊಟ್ಟ. ಮೂಗು ಪಕ್ಕಕ್ಕೆ ಹೊರಳಿತು. ರಕ್ತ ಗದ್ದದಿಂದ ಅಂಗಿಗೆ ಹರಿಯಿತು. ಈ ಸಲವೂ ಚೆಂಡು ಬಿಡಲಿಲ್ಲ, ಆದರೆ ನಗಲೂ ಇಲ್ಲ. ಮೂರನೆಯದಕ್ಕೆ ಚೆಂಡು ಇನ್ನೂ ಒಂದು ಮೊಳ ದೂರ ಇರುವಾಗಲೇ ಹುಡುಗನ ಕಣ್ಣು ಅದನ್ನು ಬಿಟ್ಟು ವೆಂಡೆಲ್‌ನ ಕಡೆ ತಿರುಗಿತು. ಚಾಚಿದ ತೋಳು ತಾನಾಗಿ ಮೋಟಾಯಿತು. ಚೆಂಡು ಬೆರಳ ತುದಿ ಸವರಿ ಹೋಯಿತು. ವೆಂಡೆಲ್ ಆದರೂ ಹೊಡೆದ, ಹೊಡೆಯಬೇಕಾಗಿತ್ತು. ಹುಡುಗನ ಬೆನ್ನು ಕಿಟ್ಟದ ಮೇಲೆ ಎರಡು ಮಾರು ಜಾರಿತು.

ಆಮೇಲೆ ಲಾನಿ. ಮೊದಲನೆಯದನ್ನು ಹಿಡಿಯುತ್ತಲೇ ಗಾಳಿಯಲ್ಲೇ ಸೊಂಟ ತಿರುಗಿಸಿದ. ವೆಂಡೆಲ್‌ನ ಭುಜಕ್ಕೆ ಅರ್ಧ ಮೈಯಷ್ಟೇ ಸಿಕ್ಕಿತು. ಗೆರೆಯ ಮೇಲಿದ್ದವರು ಹೋ ಎಂದರು. ಹುಡುಗರಿಗೆ ಇನ್ನೂ ಹತ್ತು ವರ್ಷ ಬಾರದ ವಿದ್ಯೆ ಅದು. ಎರಡನೆಯದಕ್ಕೆ ತಿರುಗಲು ಸಮಯ ಸಿಗಲಿಲ್ಲ. ವೆಂಡೆಲ್ ಪೂರಾ ಹೊಡೆದ. ಲಾನಿಯ ಹೆಲ್ಮೆಟ್ಟು ನೆಲಕ್ಕೆ ಬಡಿದ ಸದ್ದು ರೈಲುಹಳಿಯಾಚೆಗೂ ಕೇಳಿಸಿತು. ಚೆಂಡು ಕೈಯಲ್ಲೇ ಇತ್ತು. ಎದ್ದ, ಮೈ ಕೊಡವಿಕೊಂಡ, ನೆಟ್ಟಗೆ ನದಿಯ ಕಡೆ ನಡೆದ.

"ಲೇ, ಈ ಕಡೆ ಬಾರೋ! ಮೀನು ಹಿಡಿಯೋಕೆ ಹೋಗ್ತಿದೀಯಾ?" ಕೋಚ್ ಕೂಗಿದ. ಎಲ್ಲರೂ ನಕ್ಕರು. ಲಾನಿಯೂ ತಿರುಗಿ ನಕ್ಕ, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ.

ಮೂರನೆಯದನ್ನೂ ಹಿಡಿದ. ವೆಂಡೆಲ್ ಎದೆಗೆ ಹೊಡೆದು ಅವನ ಮೇಲೆಯೇ ಬಿದ್ದ. ಇಬ್ಬರ ಮುಖವೂ ಒಂದು ಗೇಣು ಅಂತರದಲ್ಲಿ. ಲಾನಿಯ ಒಂದು ಕಣ್ಣಿನ ಪಾಪೆ ಅಗಲವಾಗಿ ಅರಳಿತ್ತು, ಇನ್ನೊಂದು ಸಾಸಿವೆ ಕಾಳಿನಷ್ಟಿತ್ತು. ಮೂಗಿನಿಂದ ರಕ್ತ ತೆಳ್ಳಗೆ ಇಳಿಯುತ್ತಿತ್ತು.

"ರೂಫಸ್," ಅಂದ ಲಾನಿ, ಮಗುವಿನ ದನಿಯಲ್ಲಿ. "ನಾನು ಬಿದ್ದೆ ಅಂತ ಅಮ್ಮಂಗೆ ಹೇಳ್ಬೇಡ್ವೋ."

ರೂಫಸ್ ಅಂದರೆ ಲಾನಿಯ ಅಣ್ಣ. ಅಲಬಾಮಾದ ಕೆರೆಯಲ್ಲಿ ಒಂಬತ್ತನೇ ವಯಸ್ಸಿಗೇ ಮುಳುಗಿ ಸತ್ತವನು.

ವೆಂಡೆಲ್‌ನ ಕೈ ಲಾನಿಯ ಅಂಗಿಯನ್ನು ಬಿಟ್ಟಿತು. ಆ ಚಳಿಗಾಲದ ಒಂದೊಂದೇ ಸಂಗತಿ ಎದುರಿಗೆ ಬಂದು ನಿಂತಿತು. ಒಲೆಯ ಬಾಗಿಲ ಅಗಳಿಯನ್ನು ಲಾನಿ ಎರಡು ಸಲ ಹಾಕದೆ ಬಂದಿದ್ದ. ಎರಡು ಸಲವೂ ಯಾರಿಗೂ ಹೇಳದೆ ವೆಂಡೆಲ್ ಹಾಕಿದ್ದ. ಹದಿನಾರು ವರ್ಷ ಕಾರ್ಖಾನೆಗೆ ನಡೆದ ದಾರಿಯಲ್ಲಿ ಲಾನಿ, ಸೇತುವೆಯ ಹತ್ತಿರ ನಿಂತು, ಯಾವ ಕಡೆಗೆ ಅಂತ ಕೇಳಿದ್ದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಿದ್ದ ವೆಂಡೆಲ್.

ಅವನು ಕೋಚಿನ ಹತ್ತಿರ ಹೋದ. "ಅವನ ತಲೆ ಸರಿಯಿಲ್ಲ, ಕೋಚ್. ಕಣ್ಣು ನೋಡಿ."

"ಇಲ್ಲಿ ತಲೆ ಸರಿಯಿರೋನು ಯಾವನಯ್ಯಾ? ಕೈ ನೋಡು. ಮೂರಕ್ಕೆ ಮೂರು!" ಕೋಚ್ ಹೊಗೆಸೊಪ್ಪು ಉಗಿದ. "ಮುಗೀತು. ಜಾಗ ಲಾನಿದು. ಹುಡುಗನ್ನ ಬೇರೆಯವರು ಎತ್ಕೊಂಡು ಹೋಗ್ಲಿ."

ಅಷ್ಟರಲ್ಲಿ ಲಾನಿಗೆ ತಾನೆಲ್ಲಿದ್ದೇನೆ ಅನ್ನುವುದು ಮರಳಿತ್ತು. ಮೂಗಿಗೆ ಬಟ್ಟೆ ತುರುಕಿಕೊಂಡಿದ್ದ ಕೊವಾಲಿಕ್‌ನ ಕಡೆ ಕೈ ತೋರಿಸಿ ಅಬ್ಬರಿಸಿದ: "ಇನ್ನೊಂದು ಎಸೀರೋ! ಈ ಕೂಸಿಗೆ ತೋರಿಸ್ತೀನಿ, ಚೆಂಡು ಹಿಡಿಯೋದು ಅಂದ್ರೇನು ಅಂತ." ಗೆರೆಯವರು ಕೇಕೆ ಹಾಕಿದರು. ಕೋಚ್ ತಲೆಯಾಡಿಸಿದ.

ವೆಂಡೆಲ್ ತನ್ನ ಜಾಗಕ್ಕೆ ಹಿಂದೆ ಹಿಂದೆ ನಡೆದ. ಮುಂದಿನ ಶರತ್ಕಾಲಕ್ಕೆ ಹತ್ತು ಶನಿವಾರ. ಪ್ರತಿ ಶನಿವಾರ ಲಾನಿಗೆ ಹೊಡೆಯಲು ತನ್ನಂಥವನೇ ಒಬ್ಬ, ಲಾನಿ ಯಾರು ಅಂತ ಗೊತ್ತಿಲ್ಲದವನು. ಬಾಯಿ ಬಿಟ್ಟು ಹೇಳಿದರೆ? ತಲೆ ಕೆಟ್ಟವನನ್ನು ಕಾರ್ಖಾನೆ ಒಲೆಯ ಮೇಲೆ ಒಂದು ದಿನವೂ ನಿಲ್ಲಿಸುವುದಿಲ್ಲ, ಬೀದಿಗೆ ಹಾಕುತ್ತದೆ. ಕಾಲು ಮುರಿದವನಿಗಾದರೆ ಗೇಟಿನ ಹತ್ತಿರ ಹಾಜರಿ ಹಾಕುವ ಒಂದು ಕುರ್ಚಿ ಕೊಡುತ್ತದೆ. ಅಂಥ ಮೂವರು ಆಗಲೇ ಅಲ್ಲಿ ಕೂತಿದ್ದರು. ಅಷ್ಟು ಯೋಚಿಸುವುದರೊಳಗೆ ಚೆಂಡು ಎಸೆಯುವವನ ಕೈಬಿಟ್ಟಿತ್ತು.

ಲಾನಿ ಹಾರಿ ಹಿಡಿದ. ಇಡೀ ಬೆಳಗಿನ ಅತಿ ಚೆಂದದ ಹಿಡಿತ ಅದು, ಒಂದೇ ಕೈಯಲ್ಲಿ. ಎಡಗಾಲು ನೆಲ ಮುಟ್ಟಿ ಮೈಭಾರವೆಲ್ಲ ಅದರ ಮೇಲೆ ಬಂದ ಗಳಿಗೆಗೆ ವೆಂಡೆಲ್ ತಲೆ ತಗ್ಗಿಸಿ, ಭುಜವನ್ನು ಮೊಣಕಾಲಿನ ಪಕ್ಕಕ್ಕೆ ಇಟ್ಟು ಹಾದುಹೋದ.

ಹಸಿ ಕೊಂಬೆ ಸಿಗಿದಂತೆ ಸದ್ದಾಯಿತು. ಕಾಲು ಮನುಷ್ಯನ ಕಾಲು ಬಾಗಬಾರದ ಕಡೆಗೆ ಬಾಗಿತ್ತು; ಪಾದ ಹಿಂದುಮುಂದಾಗಿತ್ತು. ಚರ್ಮ ಹರಿದು ಬಿಳಿಯದೇನೋ ಹೊರಗೆ ಇಣುಕಿತ್ತು. ಲಾನಿ ಮೊದಲು ಕೂಗಲಿಲ್ಲ. ತನ್ನ ಕಾಲನ್ನೂ ವೆಂಡೆಲ್‌ನನ್ನೂ ನೋಡಿದ. ಆ ನೋಟದಲ್ಲಿ ಯಾವ ಮಂಕೂ ಇರಲಿಲ್ಲ.

"ನಾಯಿ," ಅಂದ. ಆಮೇಲೆ ಕೂಗಿದ್ದು ನದಿಯ ದೋಣಿಗಳವರೆಗೂ ಕೇಳಿಸಿತು.

ತಂಡದವರು ವೆಂಡೆಲ್‌ನ ಮೇಲೆ ಬಿದ್ದರು. ಯಾರೋ ಹೆಲ್ಮೆಟ್ ಕಿತ್ತು ಅದರಿಂದಲೇ ಅವನ ಕೆನ್ನೆಗೆ ಹೊಡೆದರು. ಅಟ್ಟೆಗೆ ಮೊಳೆಯಿದ್ದ ಬೂಟಿನಿಂದ ಬೆರಳು ತುಳಿದರು, ಹೊಟ್ಟೆಗೆ ಒದ್ದರು, ಕೂದಲು ಹಿಡಿದು ಮುಖವನ್ನು ಕಿಟ್ಟಕ್ಕೆ ಉಜ್ಜಿದರು. ಅವನು ಕೈ ಎತ್ತಲಿಲ್ಲ. ಮೂರು ಪಕ್ಕೆಲುಬು, ಎರಡು ಬೆರಳು ಮುರಿದವು. ಕೊವಾಲಿಕ್ ದೂರ ನಿಂತು ಮತ್ತೆ ವಾಂತಿ ಮಾಡುತ್ತಿದ್ದ. ತನಗೆ ಜಾಗ ಸಿಕ್ಕಿತು ಅನ್ನುವುದು ಅವನಿಗಿನ್ನೂ ಹೊಳೆದಿರಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಒಡೆಸ್ಸಾ ತಮ್ಮನ ಊದಿದ ಮುಖಕ್ಕೆ ಎರಡೂ ಕಡೆ ಬಾರಿಸಿದಳು. "ಕೋಚ್ ಏನು ಕೊಟ್ಟ ನಿಂಗೆ? ಏನು ಕೊಟ್ಟ ಹೇಳು! ಅಪ್ಪ ಸತ್ತಾಗ ನಿನ್ನ ಬಾಯಿಗೆ ಅನ್ನ ಇಟ್ಟ ಕೈ ಅದು, ಲಾನಿದು." ವೆಂಡೆಲ್ ಒಂದು ಮೆಟ್ಟಿಲು ಕೆಳಗಿಳಿದ. "ನನ್ನ ಹೊಸ್ತಿಲು ತುಳಿದೆ ಅಂದ್ರೆ ಕುದಿಯೋ ಎಣ್ಣೆ ಎರಚ್ತೀನಿ," ಅಂದು ಒಳಗೆ ಹೋದಳು.

ಸೋಮವಾರ ಟಿಲ್ಟನ್ ಹುಡುಗನನ್ನೇ ಆರಿಸಿಕೊಂಡಿತು. ಮೊದಲ ಎರಡು ಪಂದ್ಯ ಅವನು ಅಂಚಿನಲ್ಲೇ ಓಡಿ ಊರನ್ನು ಕುಣಿಸಿದ. ಮೂರನೆಯದರಲ್ಲಿ ನಡುಮಧ್ಯಕ್ಕೆ ಕಳಿಸಿದಾಗ ಯಾರೋ ಅವನ ದವಡೆ ಒಡೆದರು. ತಂತಿ ಬಿಗಿಸಿಕೊಂಡು ಮರಳಿದವನ ತೋಳು ಆಮೇಲೆ ಪ್ರತಿ ಚೆಂಡಿಗೂ ಮೋಟಾಗುತ್ತಿತ್ತು. ಹಿಮ ಬೀಳುವ ಮೊದಲೇ ಬಿಟ್ಟು ಹೋಗಿ ಕೊಲಂಬಸ್ಸಿನಲ್ಲಿ ವಿಮೆ ಮಾರುವ ಕೆಲಸ ಹಿಡಿದ. ತಂಡ ಮತ್ತೆ ಕೊನೆಗೇ ಬಿತ್ತು. ಎರಡು ವರ್ಷದಲ್ಲಿ ಲೀಗೇ ಮುಚ್ಚಿತು.

ವೆಂಡೆಲ್ ಮತ್ತೆ ಹೆಲ್ಮೆಟ್ ಹಾಕಲಿಲ್ಲ. ಒಲೆಗಳ ಮೇಲೆ ಅವನ ಪಕ್ಕ ನಿಲ್ಲಲು ಯಾರೂ ಒಪ್ಪುತ್ತಿರಲಿಲ್ಲ. ಅವನ ಊಟದ ಡಬ್ಬಿಯಲ್ಲಿ ಒಮ್ಮೆ ಸತ್ತ ಇಲಿ, ಇನ್ನೊಮ್ಮೆ ಯಾರದೋ ಉಚ್ಚೆ. ಒಂದು ಸಲ ಇಬ್ಬರು ಅವನನ್ನು ಹಿಡಿದು ಕೆಂಪಗೆ ಕಾದ ಬಾಗಿಲಿಗೆ ಅಂಗೈ ಒತ್ತಿದರು. ಆ ಗುರುತು ಹಾಗೇ ಉಳಿಯಿತು. ಲಾನಿಗೆ ಗೇಟಿನ ಹತ್ತಿರ ಕುರ್ಚಿ ಸಿಕ್ಕಿತು. ದಿನಾ ಬೆಳಿಗ್ಗೆ ಒಳಗೆ ಹೋಗುವಾಗ ವೆಂಡೆಲ್ ಅವನ ಮುಂದೆಯೇ ಹಾದುಹೋಗಬೇಕು. ಲಾನಿ ನೆಲಕ್ಕೆ ಉಗಿಯುತ್ತಿದ್ದ. ಹೆಸರು ಕೇಳಿ ಹಲಗೆಯಲ್ಲಿ ಗುರುತು ಹಾಕುವುದಷ್ಟೇ ಕೆಲಸ; ಅದನ್ನೂ ವರ್ಷ ಕಳೆದಂತೆ ಪಕ್ಕದ ಕುರ್ಚಿಯವನೇ ಮಾಡತೊಡಗಿದ. ಕುಡಿತ ಜಾಸ್ತಿಯಾಗಿದೆ, ಕಾಲುನೋವು ಪಾಪ, ಅಂತ ಜನ ಅಂದುಕೊಂಡರು. ಯಾರೂ ಅವನನ್ನು ಎಬ್ಬಿಸಲಿಲ್ಲ.

ಎಂಬತ್ತೆರಡರಲ್ಲಿ ಕಾರ್ಖಾನೆಗೇ ಬೀಗ ಬಿತ್ತು. ಕಾಪಾಡಬೇಕಾದ ಕೆಲಸ ಇನ್ನು ಯಾರಿಗೂ ಇರಲಿಲ್ಲ. ಅದಾದ ಭಾನುವಾರ ಚರ್ಚು ಬಿಟ್ಟ ಮೇಲೆ ವೆಂಡೆಲ್ ಒಂಬತ್ತು ವರ್ಷದಲ್ಲಿ ಮೊದಲ ಸಲ ಅಕ್ಕನ ಬಾಗಿಲು ಬಡಿದ. ಒಡೆಸ್ಸಾ ಎಣ್ಣೆ ಎರಚಲಿಲ್ಲ. ಬಾಗಿಲಿಗೆ ಅಡ್ಡ ನಿಂತು ಕೇಳಿದಳು. ಅವನು ಆ ಬೆಳಗಿನದನ್ನೆಲ್ಲ ಹೇಳಿದ, ಕಣ್ಣಿನ ಪಾಪೆ, ರೂಫಸ್, ಅಗಳಿ, ಗೇಟಿನ ಕುರ್ಚಿ.

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು.

"ಆ ವರ್ಷ ಕ್ರಿಸ್‌ಮಸ್‌ನಿಂದಲೇ ನನ್ನನ್ನ ಅವರಮ್ಮನ ಹೆಸರು ಹಿಡಿದು ಕರೀತಿದ್ದ," ಅಂದಳು. "ನಂಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ? ಕೆಲಸ ಹೋಗತ್ತೆ ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ. ನೀನು ನನ್ನ ಹತ್ರ ಬಂದು ಒಂದು ಮಾತು ಕೇಳಬಹುದಿತ್ತು, ವೆಂಡೆಲ್. ನಾನೇ ಮೈದಾನಕ್ಕೆ ಬಂದು ಅವನ ಕಿವಿ ಹಿಡಿದು ಎಳ್ಕೊಂಡು ಬರ್ತಿದ್ದೆ. ಕಾಲಾದ್ರೂ ಉಳೀತಿತ್ತು."

"ಹೊತ್ತಿರ್ಲಿಲ್ಲ, ಅಕ್ಕ."

"ಒಂಬತ್ತು ವರ್ಷ ಇತ್ತಲ್ಲೋ!" ಅವಳು ಬಾಗಿಲು ಪೂರಾ ತೆಗೆದಳು. ಪಕ್ಕಕ್ಕೆ ಸರಿದಳು. "ಒಳಗಿದಾನೆ. ಅವನಿಗೇ ಹೇಳು."

ಲಾನಿ ಅಡುಗೆಮನೆಯ ಮೇಜಿನ ಹತ್ತಿರ ಕಾಲು ಚಾಚಿ ಕೂತಿದ್ದ. ವೆಂಡೆಲ್ ಅವನೆದುರು ಮಂಡಿಯೂರಿ ಮತ್ತೆಲ್ಲವನ್ನೂ ಹೇಳಿದ. ಲಾನಿ ಕೇಳಿಸಿಕೊಳ್ಳುತ್ತಿದ್ದಾನೋ ಇಲ್ಲವೋ ತಿಳಿಯಲಿಲ್ಲ. ಮಾತು ಮುಗಿದ ಮೇಲೆ ಕೂತಲ್ಲಿಂದಲೇ ಬಲಗೈ ಮುಷ್ಟಿ ಬೀಸಿದ. ವಯಸ್ಸಾದರೂ ಒಲೆಯ ಬಾಗಿಲು ಎಳೆದ ತೋಳು. ವೆಂಡೆಲ್‌ನ ತುಟಿ ಸೀಳಿತು, ಎರಡು ಹಲ್ಲು ನಾಲಿಗೆಯ ಮೇಲೆ ಬಂದವು. ಲಾನಿ ಮತ್ತೆ ಹೊಡೆದ, ಕಿವಿಗೆ, ಆಮೇಲೆ ಕಣ್ಣಿಗೆ. ತನ್ನ ಗೆಣ್ಣುಗಳಿಂದಲೇ ರಕ್ತ ಬರುವವರೆಗೂ ಹೊಡೆದ. ಒಡೆಸ್ಸಾ ಒಲೆಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಸುಸ್ತಾಗಿ ಕೈ ಬಿದ್ದ ಮೇಲೆ ಲಾನಿ, "ನನ್ನ ಕಾಲು ಕೊಡೋ, ವೆಂಡೆಲ್," ಅಂತ ಅತ್ತ. ಅವಳು ಇಬ್ಬರಿಗೂ ಒದ್ದೆ ಬಟ್ಟೆ ತಂದಳು. ಸೊಪ್ಪು ಬೇಯಿಸಿದ್ದಿತ್ತು, ಮೆಕ್ಕೆಜೋಳದ ರೊಟ್ಟಿ, ಹಂದಿಯ ಕತ್ತಿನ ಮಾಂಸ. ವೆಂಡೆಲ್ ರೊಟ್ಟಿ ನೆನೆಸಿಕೊಂಡು ಹಲ್ಲುಳಿದ ಕಡೆಯಿಂದ ತಿಂದ.

ಅಂದಿನಿಂದ ಪ್ರತಿ ಭಾನುವಾರ ಹೋಗುತ್ತಿದ್ದ. ಲಾನಿಗೆ ಸ್ನಾನ ಮಾಡಿಸುತ್ತಿದ್ದ, ಆ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಎಷ್ಟೋ ಭಾನುವಾರ ಲಾನಿಗೆ ಅವನ ಗುರುತು ಸಿಗುತ್ತಿರಲಿಲ್ಲ. ಆಗ ಬಹಳ ಮರ್ಯಾದೆಯಿಂದ, "ಕೂತ್ಕೊಳ್ಳಿ, ದೂರದಿಂದ ಬಂದ್ರಾ?" ಅನ್ನುತ್ತಿದ್ದ. ಗುರುತು ಸಿಕ್ಕ ದಿನ ಮಾತ್ರ ಮುಖ ಕೆಂಪಾಗುತ್ತಿತ್ತು, "ನಾಯಿ, ಬೇವರ್ಸಿ, ಕಾಲು ಮುರುಕ," ಅಂತ ಅಕ್ಕಪಕ್ಕದ ಮನೆಗೆಲ್ಲ ಕೇಳುವಂತೆ ಬೈಯುತ್ತಿದ್ದ. ವೆಂಡೆಲ್ ಬಾಗಿಲಲ್ಲಿ ನಿಂತು ಮೊದಲ ಮಾತಿಗಾಗಿ ಕಾಯುತ್ತಿದ್ದ. ಬೈಗುಳ ಕೇಳಿಸಿದ ಭಾನುವಾರ ಒಡೆಸ್ಸಾ ಅವನ ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕುತ್ತಿದ್ದಳು.